ಕೊಬ್ಬರಿ ಅಟ್ಟದ ಕೆಳಗೆ ಎಂಟು ಸಿಲಿಂಡರ್ ಕಾರು

ನಾನು ಪುಕ್ಕಲು ಮೆಕ್ಯಾನಿಕ್. ತಿಪಟೂರಿನಲ್ಲಿ ತುರುವೇಕೆರೆ ರಸ್ತೆಗೆ ಮುಖ ಮಾಡಿದ್ದ ನನ್ನ ಗ್ಯಾರೇಜಿಗೆ ಗಾಡಿ ಬಿಟ್ಟವರೆಲ್ಲ ಇದನ್ನು ಬಲ್ಲರು. ಕೆಲಸ ಮುಗಿಸಿ ಗಾಡಿ ಒಪ್ಪಿಸಿದ ಮೇಲೂ ರಸ್ತೆಯ ತನಕ ಹಿಂದೆ ಹಿಂದೆ ಹೋಗಿ, "ಪೆಟ್ರೋಲ್ ವಾಸ್ನೆ ಬಂದ್ರೆ ತಕ್ಷಣ ಫೋನ್ ಮಾಡ್ರಿ" ಎಂದು ಹೇಳುತ್ತಿದ್ದೆ. ಕೆಲವರು ನಗುತ್ತಿದ್ದರು, ಕೆಲವರು ರೇಗುತ್ತಿದ್ದರು. ಗ್ಯಾರೇಜು ಮುಚ್ಚಿ ಮೂರು ವರ್ಷವಾಯಿತು. ಈಗ ಐಟಿಐ ಮೇಷ್ಟ್ರೊಬ್ಬರು ಬಂದು, ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಏನಾದರೂ ಬರೆದುಕೊಡಿ, ಅವರಿಗೆ ಧೈರ್ಯ ಬರುವ ಹಾಗಿರಲಿ ಎಂದಿದ್ದಾರೆ. ಮೇಷ್ಟ್ರು ಕೇಳಿದ ಸಾಮಾನು ನನ್ನ ಅಂಗಡಿಯಲ್ಲಿ ಯಾವತ್ತೂ ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಭಯ, ಅದರಿಂದಲೇ ಅನ್ನ ತಿಂದೆ. ಆ ಭಯವನ್ನು ಒಂದೇ ಒಂದು ಸಲ ನಾನು ಪಕ್ಕಕ್ಕಿಟ್ಟೆ. ಹಾಲ್ಕುರಿಕೆಯ ಒಂದು ಹಳೇ ಕಾರಿಗೆ ಫ್ಯೂಯಲ್ ಪಂಪ್ ಆರಿಸಿ ಹಾಕಿದಾಗ. ಆಗ ಒಬ್ಬ ಹೆಂಗಸಿನ ಜೀವಕ್ಕೇ ಕುತ್ತು ಬಂದಿತ್ತು. ಅದನ್ನು ಹೇಳಲೇಬೇಕು, ಆದರೆ ಅದಕ್ಕೆ ಮೊದಲು ಪಂಪ್ ಎಂದರೆ ಏನೆಂದು ನಾನು ಕಲಿತ ಬಗೆಯನ್ನು ಸ್ವಲ್ಪ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ರಹೀಂ ಸಾಬರು. ನಾವೆಲ್ಲ ಉಸ್ತಾದ್ ಅನ್ನುತ್ತಿದ್ದೆವು. ಆಗಿನ ಟ್ಯಾಕ್ಸಿ, ಜೀಪುಗಳಿಗೆಲ್ಲ ಎಂಜಿನ್ನಿನ ಮೈಗೇ ಕಚ್ಚಿಕೊಂಡ ಪಂಪು. ಎಂಜಿನ್ ತಿರುಗಿದ ಹಾಗೆ ಒಳಗಿನ ರಬ್ಬರ್ ಪೊರೆ ಮೇಲೆ ಕೆಳಗೆ ಆಡಿ ಟ್ಯಾಂಕಿನಿಂದ ಪೆಟ್ರೋಲ್ ಎಳೆದು, ಅದನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಬಿಡುವ ಕಾರ್ಬುರೇಟರಿಗೆ ಕೊಡುತ್ತಿತ್ತು. ಎಂಜಿನ್ ನಿಂತರೆ ಅದೂ ನಿಲ್ಲುತ್ತಿತ್ತು. ಈ ಕೊನೇ ಮಾತನ್ನು ನೆನಪಿಟ್ಟುಕೊಳ್ಳಿ, ನಾನು ಮರೆತದ್ದು ಅದನ್ನೇ.

ಒಂದು ಬೇಸಿಗೆಯಲ್ಲಿ ಚಿಕ್ಕನಾಯಕನಹಳ್ಳಿಗೆ ಹೋಗುವ ದಾರಿಯಲ್ಲಿ ಟ್ಯಾಕ್ಸಿಯೊಂದು ನಿಂತುಬಿಟ್ಟಿದೆ ಎಂದು ಸುದ್ದಿ ಬಂತು. ಉಸ್ತಾದ್ ನನ್ನನ್ನು ಒಬ್ಬನೇ ಕಳಿಸಿದರು. ಬಿಸಿಲಿಗೆ ಪೈಪಿನೊಳಗಿನ ಪೆಟ್ರೋಲ್ ಕುದ್ದು ಆವಿಯಾಗಿತ್ತು. ಪಂಪು ಆವಿಯನ್ನು ಎಳೆಯಲಾರದೆ ಸುಮ್ಮನೆ ಆಡುತ್ತಿತ್ತು. ಒದ್ದೆ ಬಟ್ಟೆ ಸುತ್ತಿ ತಣ್ಣಗೆ ಮಾಡಬೇಕು ಎಂದು ಗೊತ್ತಿತ್ತು, ಆದರೆ ಸುತ್ತಮುತ್ತ ನೀರಿಲ್ಲ. ಪಕ್ಕದ ತೋಟದವರನ್ನು ಕಾಡಿ ಬೇಡಿ ನಾಲ್ಕು ಎಳನೀರು ಕೆಡವಿಸಿಕೊಂಡು ಪಂಪಿಗೆ ಸುರಿದೆ. ಗಾಡಿ ಹೊರಟಿತು. ನಾನು ದೊಡ್ಡ ಸಾಧನೆ ಮಾಡಿದವನ ಹಾಗೆ ಬಂದು ಉಸ್ತಾದರಿಗೆ ಹೇಳಿದೆ.

"ಎಳ್ನೀರು ಕುಡಿಯೋಕೆ ಐತೆ ಕಣೋ," ಎಂದರು ಅವರು. "ಪೈಪು ಸೈಲೆನ್ಸರ್ ಪಕ್ಕ ಯಾಕೆ ಹೋಗೈತೆ ಅಂತ ನೋಡಿದ್ಯಾ? ನಾಳೆ ಇನ್ನೊಂದು ಕಡೆ ನಿಲ್ತದೆ. ಅಲ್ಲಿ ತೋಟ ಇಲ್ಲ ಅಂದ್ರೆ ಏನ್ ಮಾಡ್ತೀಯಾ?"

ಮಾರನೇ ದಿನ ನಿಜವಾಗಿಯೂ ನಿಂತಿತು.

ಇನ್ನೊಂದು, ಸ್ವಂತ ಗ್ಯಾರೇಜು ಹಾಕಿದ ಹೊಸತರಲ್ಲಿ ನಡೆದದ್ದು. ತುರುವೇಕೆರೆ ಕಡೆಯ ಅಡಿಕೆ ವ್ಯಾಪಾರಿಯೊಬ್ಬರ ಜೀಪು ಐದಾರು ಮೈಲಿ ಓಡಿ ಉಸಿರು ಕಟ್ಟಿದ ಹಾಗೆ ನಿಲ್ಲುತ್ತಿತ್ತು. ಪಂಪು ಬದಲಿಸಿದೆ. ಮತ್ತೆ ನಿಂತಿತು. ಇನ್ನೊಂದು ಪಂಪು ಹಾಕಿದೆ. ಮತ್ತೂ ನಿಂತಿತು. ಮೂರನೆಯದು ಹಾಕುವ ಹೊತ್ತಿಗೆ ನನಗೆ ಕೆಲಸವೇ ಬರುವುದಿಲ್ಲವೇನೋ ಎಂದು ಅನ್ನಿಸಿಬಿಟ್ಟಿತ್ತು. ಕೊನೆಗೆ ನೋಡಿದರೆ, ಧೂಳು ಹೋಗದಿರಲಿ ಎಂದು ಅವರ ಮನೆಯವರು ಟ್ಯಾಂಕಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಅದರ ಮೇಲೆ ಮುಚ್ಚಳ ತಿರುಗಿಸಿದ್ದರು. ಟ್ಯಾಂಕಿಗೆ ಗಾಳಿಯೇ ಹೋಗುತ್ತಿರಲಿಲ್ಲ. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಆ ಕವರನ್ನು ಬಿಚ್ಚಿ ಜೇಬಿಗಿಟ್ಟುಕೊಂಡು, ಯಾರಿಗೂ ಹೇಳದೆ, "ಸರಿ ಹೋಯ್ತು" ಎಂದಷ್ಟೇ ಹೇಳಿ ಕಳಿಸಿದೆ. ತಪ್ಪನ್ನು ನುಂಗಿಕೊಳ್ಳುವುದು ನನಗೆ ಎಷ್ಟು ಸಲೀಸು ಎಂದು ಅವತ್ತೇ ತಿಳಿದಿರಬೇಕಿತ್ತು.

ಕಾಲ ಬದಲಾಯಿತು. ಕಾರ್ಬುರೇಟರ್ ಹೋಗಿ, ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಇಂಜೆಕ್ಷನ್ ಬಂತು, ಪಂಪು ಎಂಜಿನ್ ಬಿಟ್ಟು ಟ್ಯಾಂಕಿನೊಳಗೆ ಸೇರಿ ಕರೆಂಟಿನಲ್ಲಿ ಓಡತೊಡಗಿತು. ಬಂಕಿನಲ್ಲಿ ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದು ಹಳೇ ಗಾಡಿಗಳ ರಬ್ಬರ್ ಪೈಪುಗಳನ್ನೆಲ್ಲ ಅಂಟಂಟಾಗಿಸಿತು. ನಾನು ಕಲಿತದ್ದು ಅರ್ಧ ಮರೆತುಹೋಗುವ ಹೊತ್ತಿಗೆ ಮೂರ್ತಿಯವರು ಬಂದರು.

ಮೂರ್ತಿಯವರು ಕೊಬ್ಬರಿ ವ್ಯಾಪಾರಿ. ಮನೆ, ತೋಟ ಹಾಲ್ಕುರಿಕೆ ಹತ್ತಿರ. ಅವರ ತಂದೆ ಒಂದು ಕಾಲದಲ್ಲಿ ಮೈಸೂರಿನಿಂದ ಕೊಂಡು ತಂದಿದ್ದ ಅಮೆರಿಕದ ಕಾರೊಂದು ಮನೆಯಲ್ಲಿತ್ತು. ಎಂಟು ಸಿಲಿಂಡರ್, ಮಂಚದಷ್ಟು ಅಗಲದ ಬಾನೆಟ್ಟು. ಬಹಳ ವರ್ಷ ತೆಂಗಿನಕಾಯಿ ಚೀಲಗಳ ಹಿಂದೆ ಬಿದ್ದಿದ್ದ ಅದನ್ನು ಮೂರ್ತಿಯವರು ಬೆಂಗಳೂರಿಗೆ ಸಾಗಿಸಿ, ಎಂಜಿನ್ ಬಿಚ್ಚಿಸಿ, ನಾಲ್ಕು ಬಾಯಿಯ ದೊಡ್ಡ ಕಾರ್ಬುರೇಟರ್ ಕೂರಿಸಿ, ಮುನ್ನೂರೈವತ್ತು ಹಾರ್ಸ್ ಪವರ್ ಮಾಡಿಸಿ ತಂದಿದ್ದರು. ಆದರೆ ಪಂಪು ಮಾತ್ರ ಹಳೆಯದೇ. ಹೆದ್ದಾರಿಯಲ್ಲಿ ಕಾಲು ಪೂರಾ ಒತ್ತಿದರೆ ಹತ್ತು ಎಣಿಸುವಷ್ಟರಲ್ಲಿ ಎಂಜಿನ್ ಕೆಮ್ಮಿ ಸುಸ್ತಾಗುತ್ತಿತ್ತು. ಅದಕ್ಕೆ ಬೇಕಾದಷ್ಟು ಪೆಟ್ರೋಲ್ ಒದಗುತ್ತಿರಲಿಲ್ಲ.

"ಐದು ಎಚ್‌ಪಿ ಮೋಟ್ರು ನೀರು ಎತ್ತದಿದ್ರೆ ಏಳೂವರೆ ಇಳಿಸ್ತೀವಿ ತಾನೇ ರಂಗಣ್ಣ? ಇದಕ್ಕೂ ಹಂಗೇ ಮಾಡಿ. ದೊಡ್ಡ ಇಂಜಿನ್ನು, ದೊಡ್ಡ ಪಂಪು ಹಾಕಿ ಬುಡಿ," ಎಂದರು.

ನಮ್ಮ ಸೀಮೆಯಲ್ಲಿ ಪಂಪು ಎಂದರೆ ಬೋರ್‌ವೆಲ್ಲಿನ ಪಂಪು. ಮದುವೆ ಮನೆಯಲ್ಲಿ ಕೂತರೂ ಯಾರ ತೋಟಕ್ಕೆ ಎಷ್ಟು ಎಚ್‌ಪಿ ಇಳಿಸಿದರು, ಎಷ್ಟು ಇಂಚು ನೀರು ಬಂತು ಎಂಬುದೇ ಮಾತು. ನನಗೂ ಮೂವತ್ತು ತೆಂಗಿನ ಮರ ಇದೆ, ನನ್ನ ತಲೆಯಲ್ಲೂ ಅದೇ ತಿರುಗುತ್ತಿತ್ತು. ಮೂರ್ತಿಯವರು ಹೇಳಿದ್ದು ಸರಿಯೆಂದೇ ಕಂಡಿತು.

ಇಂಜೆಕ್ಷನ್ ಕಾರಿಗೆ ಹಾಕುವ, ಕರೆಂಟಿನ ದೊಡ್ಡ ಪಂಪೊಂದನ್ನು ಬೆಂಗಳೂರಿನಿಂದ ತರಿಸಿ, ಕಾರಿನ ಹಿಂದುಗಡೆ ಕೂರಿಸಿದೆವು. ಅದು ಐವತ್ತು ಪೌಂಡು ಒತ್ತಡದಲ್ಲಿ ತಳ್ಳುತ್ತದೆ. ಕಾರ್ಬುರೇಟರಿನ ಬಾಗಿಲು ಕಾಯುವುದು ಒಂದು ಪುಟ್ಟ ಸೂಜಿ. ಅದು ತಡೆದುಕೊಳ್ಳುವುದು ಆರೇಳು ಪೌಂಡು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದರಿಂದಲೇ ನಡುವೆ ಒತ್ತಡ ತಗ್ಗಿಸುವ ಒಂದು ಸಣ್ಣ ರೆಗ್ಯುಲೇಟರ್ ಇಟ್ಟೆ. ಮೀಟರು ಕಟ್ಟಿ ನೋಡಿದೆ, ಆರು ಪೌಂಡು ತೋರಿಸಿತು. ಎಂಜಿನ್ ಓಡುತ್ತಿರುವಾಗ ನೋಡಿದೆ. ನಿಂತಾಗ ನೋಡಲಿಲ್ಲ. ತಂತಿಯನ್ನು ನೇರ ಕೀಗೇ ಎಳೆದೆ. ಕೀ ಹಾಕಿದರೆ ಪಂಪು ಓಡಬೇಕು, ಅಷ್ಟೇ. ಯಾವತ್ತೂ ಎರಡೆರಡು ಸಲ ನೋಡುವ ನಾನು ಅವತ್ತು ಯಾಕೆ ನೋಡಲಿಲ್ಲ? ನಾಲ್ಕು ಜನ ಆ ಕಾರಿನ ಸುತ್ತ ನಿಂತು, "ಇಂಥ ಗಾಡಿ ಮುಟ್ಟೋಕೆ ರಂಗಣ್ಣನೇ ಸೈ" ಎನ್ನುತ್ತಿದ್ದರು. ಹೊಗಳಿಕೆ ತಲೆಗೇರಿತ್ತು.

ಕಾರು ಹಾರಿಹೋಯಿತು. ಕೆಮ್ಮಿಲ್ಲ, ಸುಸ್ತಿಲ್ಲ. ಮೂರ್ತಿಯವರು ಹಾಲ್ಕುರಿಕೆಯಿಂದ ಫೋನ್ ಮಾಡಿ ಮಗುವಿನ ಹಾಗೆ ನಕ್ಕರು. ಹತ್ತು ದಿನ ಹಾಗೇ ಕಳೆಯಿತು.

ಕಾರು ನಿಲ್ಲುತ್ತಿದ್ದ ಜಾಗವನ್ನು ಹೇಳಬೇಕು. ನಮ್ಮಲ್ಲಿ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಸುಲಿಯದೆ ವರ್ಷದ ಹತ್ತಿರ ಅಟ್ಟದ ಮೇಲೆ ಹರಡುತ್ತಾರೆ. ಗಾಳಿಯಾಡಲೆಂದು ಅಟ್ಟಕ್ಕೆ ಸಂದಿ ಬಿಟ್ಟು ಮರದ ಪಟ್ಟಿ ಹೊಡೆದಿರುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅನ್ನುವ ತನಕ ಅವು ಅಲ್ಲೇ ಒಣಗಬೇಕು. ಮೂರ್ತಿಯವರ ಕಾರು ನಿಲ್ಲುತ್ತಿದ್ದುದು ಅಂಥ ಅಟ್ಟದ ಕೆಳಗಿನ ಶೆಡ್ಡಿನಲ್ಲಿ. ಮೇಲೆ ಆ ಮನೆಯ ಒಂದು ವರ್ಷದ ಫಸಲು, ಸಿಪ್ಪೆ ಸಮೇತ, ಕಡ್ಡಿ ಗೀರಿದರೆ ಸಾಕು ಎನ್ನುವ ಹಾಗೆ ಒಣಗಿತ್ತು. ತೋಟ, ಅಟ್ಟ, ಹಸು ಎಲ್ಲ ನೋಡಿಕೊಳ್ಳುತ್ತಿದ್ದವರು ಮೂರ್ತಿಯವರ ಅಕ್ಕ ಗಿರಿಜಮ್ಮ. ಕಾರು ಅಲ್ಲಿ ನಿಲ್ಲುವುದು ಅವರಿಗೆ ಮೊದಲಿಂದಲೂ ಇಷ್ಟವಿರಲಿಲ್ಲ.

ಒಂದು ದಿನ ಮಧ್ಯಾಹ್ನ ಗ್ಯಾರೇಜಿಗೆ ಗಿರಿಜಮ್ಮನವರ ಫೋನ್ ಬಂತು.

"ರಂಗಣ್ಣ, ಶೆಡ್ಡಲ್ಲಿ ಪೆಟ್ರೋಲ್ ವಾಸ್ನೆ ಹೊಡೀತೈತೆ. ಕಾರಿನ್ ಕೆಳ್ಗೆ ನೆಲ ಎಲ್ಲ ಒದ್ದೆ. ಹಿಂದ್ಗಡೆ ಜೇನ್ನೊಣ ಗುಯ್‌ಗುಟ್ದಂಗೆ ಏನೋ ಸದ್ದು ಬತ್ತೈತೆ."

"ಮೂರ್ತಿಯವ್ರು ಎಲ್ಲಿ?"

"ಕಾರು ತಂದು ನಿಲ್ಸಿ, ಫೋನಲ್ಲಿ ಮಾತಾಡ್ತಾನೇ ಇಳ್ದು, ಕರೆಯೋಕೆ ಬಂದೋರ ಗಾಡೀಲಿ ತಿಪಟೂರಿಗೆ ಹೋದ."

ನನಗೆ ಕೂಡಲೇ ಅರ್ಥವಾಯಿತು. ಶೆಡ್ಡಿಗೆ ತಿರುಗಿಸುವಾಗ ಎಂಜಿನ್ ತಾನಾಗಿಯೇ ಆಫ್ ಆಗಿದೆ, ಅಂಥ ಎಂಜಿನ್ನುಗಳು ನಿಧಾನಕ್ಕೆ ಓಡುವಾಗ ಹಾಗೆ ನಿಲ್ಲುವುದುಂಟು. ಮೂರ್ತಿಯವರು ಫೋನಿನಲ್ಲಿ ಮಾತಾಡುತ್ತ ಕೀ ತೆಗೆಯದೆ ಇಳಿದುಹೋಗಿದ್ದಾರೆ. ಎಂಜಿನ್ ನಿಂತರೂ ಪಂಪು ನಿಂತಿಲ್ಲ. ಪೆಟ್ರೋಲಿಗೆ ಹೋಗಲು ದಾರಿಯಿಲ್ಲದೆ ರೆಗ್ಯುಲೇಟರ್ ದಾಟಿ ಒತ್ತಡ ಏರುತ್ತ ಏರುತ್ತ ಸೂಜಿಯನ್ನು ಒದ್ದು ತೆರೆದಿದೆ, ಕಾರ್ಬುರೇಟರ್ ತುಂಬಿ ನೆಲಕ್ಕೆ ಉಕ್ಕುತ್ತಿದೆ.

"ಹತ್ರ ಎಲ್ಲಾದ್ರೂ ಬೆಂಕಿ ಐತಾ ಅಕ್ಕಾರೆ?"

"ಹಸ ಕರ ಹಾಕೈತೆ. ಬಿಸ್ನೀರಿಗೆ ಅಂತ ಹಂಡೆ ಒಲೆ ಹಚ್ಚಿವ್ನಿ. ಶೆಡ್ಡಿನ್ ಬಾಗ್ಲಿಂದ ಆರು ಹೆಜ್ಜೆ."

"ನೀರು ಎರಚ್ಬೇಡಿ, ಕಿಡಿ ಹಾರ್ತದೆ. ಬೂದಿ ಸುರೀರಿ, ಮಣ್ಣು ಸುರೀರಿ, ಮೊದ್ಲು ಒಲೆ ಸಾಯ್ಸಿ," ಎಂದೆ. ಅವರು ಹಾಗೇ ಮಾಡಿ ಬಂದರು. ಆಮೇಲೆ ಕೀ. ತಿರುಗಿಸಿದರೆ ಎಲ್ಲೋ ಒಂದು ಸಣ್ಣ ಕಿಡಿ ಹಾರಬಹುದು. ತಿರುಗಿಸದಿದ್ದರೆ ಟ್ಯಾಂಕಿನಲ್ಲಿರುವುದೆಲ್ಲ ನೆಲಕ್ಕೆ ಬರುತ್ತದೆ. ನಾನು ತಿಪಟೂರಿನಲ್ಲಿ ನಿಂತಿದ್ದೇನೆ, ಅವರು ಅಲ್ಲಿ ನಿಂತಿದ್ದಾರೆ.

"ಫೋನ್ ಹೊರಗೇ ಇಟ್ಟು ಹೋಗಿ. ಕೀ ತಿರುಗ್ಸಿ ಆಫ್ ಮಾಡಿ ಹೊರಕ್ಕೆ ಬಂದ್ಬುಡಿ," ಎಂದೆ.

ಈ ಮಾತನ್ನು ನಾನು ಹೇಳಬಾರದಿತ್ತು. ಅವರನ್ನು ದೂರ ಕಳಿಸಿ ಅಗ್ನಿಶಾಮಕದವರಿಗೆ ಫೋನ್ ಮಾಡಬೇಕಿತ್ತು. ಕೊಬ್ಬರಿ ಹೋದರೆ ಇನ್ನೊಂದು ವರ್ಷಕ್ಕೆ ಬರುತ್ತದೆ. ನೀವು ಯಾರನ್ನೂ, ಯಾವ ಕಾರಣಕ್ಕೂ, ಪೆಟ್ರೋಲ್ ಚೆಲ್ಲಿದ ಕಡೆಗೆ ಕಳಿಸಬೇಡಿ. ಆದರೆ ನಾನು ಕಳಿಸಿದೆ. ಫೋನು ಕಲ್ಲಿನ ಮೇಲಿಟ್ಟ ಸದ್ದು ಕೇಳಿತು. ಆಮೇಲೆ ಕರುವಿನ ಕೂಗು, ಎಲ್ಲೋ ಕಾಗೆ. ನಾನು ಸ್ಪ್ಯಾನರ್ ಹಿಡಿದೇ ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ.

"ಸದ್ದು ನಿಂತೋಯ್ತು," ಎಂದಿತು ಅವರ ದನಿ.

ಸ್ಕೂಟರ್ ಹತ್ತಿ ಹೋದೆ. ಯಾರಿಗೂ ಏನೂ ಆಗಿರಲಿಲ್ಲ. ನೆಲದ ಮೇಲೆ ಮರಳು ಸುರಿದು, ಬಾಗಿಲೆಲ್ಲ ತೆರೆದು, ಕಾರನ್ನು ಕೈಯಲ್ಲೇ ಹೊರಕ್ಕೆ ತಳ್ಳಿದೆವು. ಅಷ್ಟರಲ್ಲಿ ಮೂರ್ತಿಯವರು ಬಂದರು. ಅಕ್ಕನ ಕೈಯಲ್ಲಿ ಚೆನ್ನಾಗಿ ಉಗಿಸಿಕೊಂಡರು. ಮುಖ ಬಿಳಿಚಿಕೊಂಡು ನನ್ನ ಹತ್ತಿರ ಬಂದು, "ಕೀ ಬುಟ್ಟೋದ್ದು ನಾನು. ನಿಮ್ದೇನೂ ತಪ್ಪಿಲ್ಲ ರಂಗಣ್ಣ. ಈ ಕಾರೇ ಬ್ಯಾಡ, ಮಾರ್ಬುಡ್ತೀನಿ," ಎಂದರು.

ನಾನು ಹೌದೆನ್ನುವ ಹಾಗೆ ತಲೆಯಾಡಿಸಿ, ಸ್ಕೂಟರ್ ಹತ್ತಿ ವಾಪಸ್ ಬಂದೆ.

ಎರಡು ದಿನ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಅಟ್ಟದ ಪಟ್ಟಿಗಳ ಸಂದಿಯಲ್ಲಿ ಬೆಂಕಿ ಏರುತ್ತಿತ್ತು. ಕೀ ಮರೆಯುವುದು ಮನುಷ್ಯಸಹಜ. ಯಾರಾದರೂ ಒಂದು ದಿನ ಮರೆಯುತ್ತಾರೆ ಎಂದು ಎಣಿಸಿಯೇ ನಾವು ಕೆಲಸ ಮಾಡಬೇಕು. ತಪ್ಪು ನನ್ನದೆಂದು ನನಗೆ ಗೊತ್ತು, ಇನ್ಯಾರಿಗೂ ಗೊತ್ತಾಗುವುದಿಲ್ಲ. ಸುಮ್ಮನಿದ್ದರೆ ಕಾರು ಮಾರಾಟವಾಗಿ ಯಾರದೋ ಮನೆಗೆ ಹೋಗುತ್ತದೆ, ನನ್ನ ಪಂಪಿನ ಸಮೇತ. ಹೇಳಿದರೆ ಇಷ್ಟು ವರ್ಷ ಗಳಿಸಿದ ಹೆಸರು ಒಂದೇ ದಿನಕ್ಕೆ ಮಣ್ಣು.

ಮೂರನೇ ದಿನ ಪಂಪು ಬಿಚ್ಚುವ ನೆಪದಲ್ಲಿ ಹಾಲ್ಕುರಿಕೆಗೆ ಹೋದೆ. ಗಿರಿಜಮ್ಮ ತೋಟದಲ್ಲಿ ಡ್ರಿಪ್ಪಿಗೆ ನೀರು ಬಿಡುತ್ತಿದ್ದರು. ಬೋರಿನಿಂದ ಬಂದ ಪೈಪಿನ ಪಕ್ಕ ಒಂದು ವಾಲ್ವನ್ನು ಅಷ್ಟಷ್ಟೇ ತಿರುಗಿಸುತ್ತ, ಮೀಟರು ನೋಡುತ್ತಿದ್ದರು. ತಿರುಗಿಸಿದ ಹಾಗೆ ಪಕ್ಕದ ತೊಟ್ಟಿಗೆ ನೀರು ಧುಮುಕುತ್ತಿತ್ತು.

"ಇವತ್ತು ಅರ್ಧ ತೋಟಕ್ಕೆ ಮಾತ್ರ ನೀರು," ಎಂದರು. "ಮೋಟ್ರು ಅಷ್ಟೇ ಜೋರಲ್ಲಿ ತಳ್ತದೆ. ಬೇಡದ್ದನ್ನ ಹಿಂಗೆ ವಾಪಸ್ ತೊಟ್ಟಿಗೆ ಬುಡದಿದ್ರೆ ಡ್ರಿಪ್ ಪೈಪೆಲ್ಲ ಸಿಡ್ಕೊಂಡು ಹೋಗ್ತವೆ. ಅಲ್ಲ ರಂಗಣ್ಣ, ನಿಮ್ ಕಾರಿನ ಪಂಪಲ್ಲಿ ಬೇಡದ ಪೆಟ್ರೋಲು ಎಲ್ಲಿಗೆ ಹೋಗ್ತದೆ?"

ಬೋರ್‌ವೆಲ್ಲಿನ ಲೆಕ್ಕದಲ್ಲಿ ಪಂಪು ಆರಿಸಿದವನು ನಾನು. ಆ ಲೆಕ್ಕವನ್ನೂ ಅರ್ಧವೇ ಮಾಡಿದ್ದೆ. ಪೂರ್ತಿ ಮಾಡಿದವರು ಎದುರಿಗೆ ನಿಂತಿದ್ದರು.

"ಎಲ್ಲಿಗೂ ಹೋಗಲ್ಲ ಅಕ್ಕಾರೆ," ಎಂದೆ. ಅಲ್ಲಿಂದ ಮಾತು ತಾನಾಗಿಯೇ ಬಂತು. ವಾಪಸ್ ಪೈಪು ಇಡಲಿಲ್ಲ, ಎಂಜಿನ್ ನಿಂತಾಗ ಪಂಪು ನಿಲ್ಲುವ ಹಾಗೆ ಮಾಡಲಿಲ್ಲ, ಮೂರ್ತಿಯವರದ್ದು ಕೀ ಮರೆತ ತಪ್ಪು ಮಾತ್ರ, ಮಿಕ್ಕಿದ್ದೆಲ್ಲ ನನ್ನದು ಎಂದೆ. ಹೇಳುತ್ತ ಹೇಳುತ್ತ ನನ್ನ ಕಣ್ಣಲ್ಲಿ ನೀರು ಬಂದಿತ್ತು. ನಾಚಿಕೆಯಾಯಿತು.

ಅವರು ವಾಲ್ವಿನಿಂದ ಕೈ ತೆಗೆಯಲಿಲ್ಲ. "ಗೊತ್ತು," ಎಂದರು. "ಹಿಂದ್ಗಡೆ ಸದ್ದು ಬತ್ತೈತೆ ಅಂದಾಗ ನೀವು ಫೋನಲ್ಲಿ 'ಅಯ್ಯೋ, ನಾನ್ಯಾಕೆ ಹಂಗೆ ಹಾಕ್ದೆ' ಅಂದ್ರಿ. ನಿಮ್ಗೆ ಗ್ಯಾನ ಇಲ್ಲ. ಎಲ್ಲಿ ತಪ್ಪೈತೆ ಅಂತ ನಿಮ್ಗೆ ಗೊತ್ತೈತಲ್ಲ ಅಂತ ನಂಬ್ಕೊಂಡೇ ನಾನು ಒಳಕ್ಕೆ ಹೋಗಿದ್ದು."

ನನಗೆ ಇವತ್ತಿಗೂ ಆ ಮಾತು ಆಡಿದ ನೆನಪಿಲ್ಲ.

"ನಮ್ ಮೂರ್ತಿ ಮೂರು ದಿನದಿಂದ ತಲೆ ಮೇಲೆ ಕೈ ಹೊತ್ಕೊಂಡು ಕೂತವ್ನೆ," ಎಂದರು. "ನೀವಾಗಿ ನೀವೇ ಬಂದು ಹೇಳ್ತೀರೋ ಇಲ್ವೋ ನೋಡಾಣ ಅಂತ ಸುಮ್ಕಿದ್ದೆ. ಮೊದ್ಲು ಹೋಗಿ ಅವ್ನಿಗೆ ಹೇಳಿ."

ಹೋಗಿ ಹೇಳಿದೆ. ಮೂರ್ತಿಯವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಸರಿ ಮಾಡ್ಕೊಡಿ," ಎಂದಷ್ಟೇ ಹೇಳಿದರು.

ಈ ಸಲ ಪಂಪನ್ನು ಹಾರ್ಸ್ ಪವರ್ ನೋಡಿ ಆರಿಸಲಿಲ್ಲ. ಕಾಲು ಪೂರಾ ಒತ್ತಿದಾಗ ಎಂಜಿನ್ ಎಷ್ಟು ಕುಡಿಯುತ್ತದೆ, ಕಾರ್ಬುರೇಟರಿನ ಸೂಜಿ ಎಷ್ಟು ಒತ್ತಡ ತಾಳುತ್ತದೆ ಎಂದು ಮೊದಲು ಕೂತು ಲೆಕ್ಕ ಹಾಕಿದೆ. ಆಮೇಲೆ ಕಾರ್ಬುರೇಟರ್ ಗಾಡಿಗೆಂದೇ ಮಾಡಿದ, ಒತ್ತಡ ಕಡಿಮೆ ಇದ್ದು ಧಾರಾಳವಾಗಿ ಕೊಡುವ ಪಂಪು ಹುಡುಕಿ ತರಿಸಿದೆ. ಅದನ್ನು ಹಿಂದೆ, ಟ್ಯಾಂಕಿನ ಪಕ್ಕ, ತಳದ ಮಟ್ಟಕ್ಕೇ ಕೂರಿಸಿದೆ. ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಹಳೇ ಸಣ್ಣ ಪೈಪು ತೆಗೆದು, ಎಥೆನಾಲಿಗೆ ಕರಗದ ದಪ್ಪ ಪೈಪನ್ನು ಸೈಲೆನ್ಸರಿನಿಂದ ದೂರದಲ್ಲಿ ಎಳೆದೆ. ಬೇಡದ ಪೆಟ್ರೋಲ್ ಟ್ಯಾಂಕಿಗೆ ಮರಳುವ ಹಾಗೆ ಗಿರಿಜಮ್ಮನವರ ಡ್ರಿಪ್ಪಿನ ತರಹವೇ ವಾಪಸ್ ಪೈಪು ಇಟ್ಟೆ. ಕರೆಂಟನ್ನು ಎಂಜಿನ್ನಿನ ಆಯಿಲ್ ಒತ್ತಡದ ಸ್ವಿಚ್ಚಿನ ಮೂಲಕ ಕೊಟ್ಟೆ. ಎಂಜಿನ್ ಓಡಿದರೆ ಮಾತ್ರ ಆಯಿಲ್ಲಿಗೆ ಒತ್ತಡ, ಆಯಿಲ್ಲಿಗೆ ಒತ್ತಡ ಇದ್ದರೆ ಮಾತ್ರ ಪಂಪು. ಸ್ಟಾರ್ಟ್ ಮಾಡುವ ಗಳಿಗೆಗೆ ಬೇರೆ ತಂತಿ. ಬಯಲಿನಲ್ಲಿ ನಿಲ್ಲಿಸಿ, ಕಾರ್ಬುರೇಟರಿನ ಹತ್ತಿರ ಪೈಪು ಬಿಚ್ಚಿ, ಅಳತೆ ಡಬ್ಬಿಗೆ ಪೆಟ್ರೋಲ್ ಹಿಡಿದು, ಗಡಿಯಾರ ನೋಡಿ ಅಳೆದೆ. ಓಡುವಾಗ ಒತ್ತಡ ನೋಡಿದೆ. ನಿಂತಾಗಲೂ ನೋಡಿದೆ. ಮಾರನೇ ದಿನ ಬಂದು ಎಲ್ಲವನ್ನೂ ಇನ್ನೊಮ್ಮೆ ನೋಡಿದೆ.

ಮೂರ್ತಿಯವರು ಹೆದ್ದಾರಿಗೆ ಹೋಗಿ ಬಂದರು. ಕೆಮ್ಮಲಿಲ್ಲ. ಆದರೆ ಒಪ್ಪಿಗೆ ಕೊಡಬೇಕಾದವರು ಅವರಾಗಿರಲಿಲ್ಲ. ಗಿರಿಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

"ಕಾರು ಶೆಡ್ಡಿಗೆ ಹಾಕ್ರಿ. ಇಂಜಿನ್ ನಿಲ್ಸಿ, ಮತ್ತೆ ಕೀ ತಿರುಗ್ಸಿ ಬುಡಿ. ನಾನು ಒಳಗೆ ಕೂತ್ಕೊತೀನಿ. ರಂಗಣ್ಣ, ನೀವು ಹಂಡೆ ಒಲೆ ಹಚ್ಚಿ."

ಇಂಥ ಪರೀಕ್ಷೆಯನ್ನು ನೀವು ಯಾರೂ ಮಾಡಬೇಡಿ. ನಾನೂ ಬೇಡವೆಂದೆ, ಮೂರ್ತಿಯವರೂ ಬೇಡವೆಂದರು. ಗಿರಿಜಮ್ಮ ಬಿಡಲಿಲ್ಲ, ಕಾರು ಶೆಡ್ಡಿಗೆ ಹಾಕಿಸಿ ಸೀಟಿನಲ್ಲಿ ಕೂತೇಬಿಟ್ಟರು. ಮೂರ್ತಿಯವರು ಬೆಂಕಿಪೊಟ್ಟಣ ತಂದು ನನ್ನ ಕೈಗಿಟ್ಟರು. ಒಲೆಯಲ್ಲಿ ಚಿಪ್ಪು, ಒಣಗರಿ ಜೋಡಿಸಿಟ್ಟಿತ್ತು. ನಾನು ಕಡ್ಡಿ ತೆಗೆದೆ. ಕೈ ಮುಂದಕ್ಕೆ ಹೋಗಲಿಲ್ಲ.

ಶೆಡ್ಡಿನ ಬಾಗಿಲಿಗೆ ಹೋಗಿ, "ಆಗಲ್ಲ ಅಕ್ಕಾರೆ," ಎಂದೆ. "ನೀವು ಇಳೀರಿ. ನಾನು ಕೂತ್ಕೊತೀನಿ, ನೀವು ಹಚ್ಚಿ."

"ಭಯ ಆಗಾಕಿಲ್ವಾ?"

"ಆಗ್ತದೆ."

"ಹಂಗಾದ್ರೆ ಸರಿ," ಎಂದು ಇಳಿದರು.

ನಾನು ಕೂತೆ. ಕೀ ಆನ್ ಆಗಿತ್ತು, ಹಿಂದುಗಡೆ ಸದ್ದಿರಲಿಲ್ಲ. ಕಡ್ಡಿ ಗೀರಿದ್ದು ಕೇಳಿತು, ಒಣಗರಿ ಚಟಚಟ ಹತ್ತಿಕೊಂಡದ್ದು ಕೇಳಿತು, ಹೊಗೆಯ ವಾಸನೆ ಬಂತು. ತಲೆಯ ಮೇಲೆ ಆ ಮನೆಯ ಒಂದು ವರ್ಷ ಒಣಗುತ್ತಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಮೊದಲನೇ ಪಂಪು ಹಾಕಿದ ದಿನ ಇಲ್ಲಿ ಹೀಗೆ ಕೂರು ಎಂದಿದ್ದರೆ ಕೂರುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಕೂರುತ್ತಿರಲಿಲ್ಲ. ಹಾಗಿದ್ದೂ ಈ ಮನೆಯವರನ್ನು ಕೂರಿಸಿದ್ದೆ.

ಹಂಡೆಯ ನೀರು ಕಾಯುವ ತನಕ ಕೂತಿದ್ದು, ಕೀ ಆಫ್ ಮಾಡಿ ಇಳಿದೆ. ಮಂಡಿಯೂರಿ ಕಾರಿನ ಕೆಳಗೆ ಕೈ ಹಾಕಿ ನೆಲವನ್ನು ಅಂಗೈಯಲ್ಲಿ ಸವರಿದೆ. ಒಣಗಿತ್ತು. "ಏನಿಲ್ಲ ಅಕ್ಕಾರೆ, ಒಣಗೈತೆ," ಎಂದೆ.

ಗಿರಿಜಮ್ಮ ನನ್ನ ಮಾತು ಕೇಳಿದರು. ಆಮೇಲೆ ಪಕ್ಕಕ್ಕೆ ಬಂದು ತಾವೂ ಮಂಡಿಯೂರಿ, ನಾನು ಸವರಿದ ಜಾಗವನ್ನೇ ಇನ್ನೊಮ್ಮೆ ಸವರಿ, ಬೆರಳನ್ನು ಮೂಸಿ ನೋಡಿದರು.